ಪೊರಕೆ ಮೇಲೇಳದ ದಿನಗಳು

ಹದಿಮೂರು ವರ್ಷದ ಮಾಟಗಾತಿ ಕಿಕಿ ತನ್ನ ಕರಿ ಬೆಕ್ಕು ಜೀಜಿಯನ್ನು ಮಾತಾಡಿಸುತ್ತಾಳೆ. ಅದು ಬರೀ ‘ಮಿಯಾಂವ್’ ಎನ್ನುತ್ತದೆ. ಅಲ್ಲಿಯವರೆಗೆ ಅವಳ ಜೊತೆ ಸರಿಸಮವಾಗಿ ಹರಟಿದ, ಕೀಟಲೆ ಮಾಡಿದ, ಬುದ್ಧಿ ಹೇಳಿದ ಬೆಕ್ಕು ಅದು. ಕಿಕಿಯ ಎದೆ ಧಸಕ್ಕೆನ್ನುತ್ತದೆ. ಪೊರಕೆ ತೆಗೆದು ಏರಿ ನೋಡುತ್ತಾಳೆ, ಅದು ಏಳುವುದಿಲ್ಲ. ಹೊರಗೆ ಓಡಿಹೋಗಿ ಕತ್ತಲಲ್ಲಿ ಹುಲ್ಲಿನ ಇಳಿಜಾರಿನಲ್ಲಿ ಮತ್ತೆ ಮತ್ತೆ ಓಡುತ್ತಾಳೆ, ಜಿಗಿಯುತ್ತಾಳೆ, ಬೀಳುತ್ತಾಳೆ. ಕೊನೆಗೆ ಪೊರಕೆಯ ಹಿಡಿಯೇ ಮುರಿಯುತ್ತದೆ. ಅವಳಿಗೆ ಬರುತ್ತಿದ್ದದ್ದು ಹಾರುವ ವಿದ್ಯೆಯೊಂದೇ. ಅದನ್ನೇ ನಂಬಿ ಪರವೂರಿನಲ್ಲಿ ಹೊಟ್ಟೆ ಹೊರೆಯುತ್ತಿದ್ದಳು.

ಹಯಾವೊ ಮಿಯಾಜಾಕಿ ನಿರ್ದೇಶಿಸಿದ ‘ಕಿಕೀಸ್ ಡೆಲಿವರಿ ಸರ್ವಿಸ್’ 1989ರ ಜುಲೈನಲ್ಲಿ ಜಪಾನಿನಲ್ಲಿ ತೆರೆಕಂಡ ಅನಿಮೇಷನ್ ಚಿತ್ರ. ನೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಈ ಚಿತ್ರದಲ್ಲಿ ಖಳನಾಯಕನೆಂಬುವನಿಲ್ಲ. ಯಾರೂ ಶಾಪ ಕೊಟ್ಟಿಲ್ಲ, ಯಾರೂ ಅವಳ ಶಕ್ತಿಯನ್ನು ಕದ್ದಿಲ್ಲ. ಹಾರುವ ಶಕ್ತಿ ಯಾಕೆ ಹೋಯಿತು ಎಂಬುದಕ್ಕೆ ಚಿತ್ರ ಕೊನೆಯವರೆಗೂ ಒಂದು ಸಾಲಿನ ಕಾರಣವನ್ನೂ ಕೊಡುವುದಿಲ್ಲ. ಮಕ್ಕಳ ಅನಿಮೇಷನ್ ಚಿತ್ರಗಳ ಪೈಕಿ ಬಹಳಷ್ಟು ‘ನಿನ್ನನ್ನು ನೀನು ನಂಬು, ಎಲ್ಲ ಸರಿಹೋಗುತ್ತದೆ’ ಎಂಬ ಮಾತಿಗೆ ಬಂದು ನಿಲ್ಲುತ್ತವೆ. ತನ್ನ ಮೇಲೆ ತನಗೇ ನಂಬಿಕೆ ಹೋಗಿರುವವರಿಗೆ ಆ ಮಾತು ಉಪಯೋಗಕ್ಕೆ ಬಾರದು. ಅವರಲ್ಲಿ ಇಲ್ಲದಿರುವುದೇ ಅದು. ಕಿಕಿಯ ಕಥೆಯಲ್ಲಿ ಯಾರೂ ಅವಳಿಗೆ ಹಾಗೆ ಹೇಳುವುದಿಲ್ಲ ಎನ್ನುವುದೇ ನನಗೆ ಈ ಚಿತ್ರದ ದೊಡ್ಡತನವಾಗಿ ಕಂಡಿದೆ.

ಕಥೆಯ ಮೂಲ ಎಯ್ಕೊ ಕದೊನೊ ಅವರ 1985ರ ಮಕ್ಕಳ ಕಾದಂಬರಿ. ಅವರ ಮಗಳು ಒಂದು ಚಿತ್ರ ಬರೆದಿದ್ದಳು: ಪೊರಕೆಗೆ ರೇಡಿಯೊ ತೂಗುಹಾಕಿಕೊಂಡು ಹಾಡು ಕೇಳುತ್ತಾ ಹಾರುವ ಮಾಟಗಾತಿ. ಅದರಿಂದ ಕಾದಂಬರಿ ಹುಟ್ಟಿತು. ಅಪ್ಪನ ಕೆಂಪು ರೇಡಿಯೊವನ್ನು ಪೊರಕೆಗೆ ಕಟ್ಟಿಕೊಂಡು ಕಿಕಿ ಊರು ಬಿಡುವ ದೃಶ್ಯದಲ್ಲಿ ಆ ಮಗಳ ಚಿತ್ರ ಹಾಗೆಯೇ ಉಳಿದಿದೆ. 1935ರಲ್ಲಿ ಹುಟ್ಟಿದ ಕದೊನೊ ಐದು ವರ್ಷದವರಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು. ಮದುವೆಯಾದ ಮೇಲೆ, ಇಪ್ಪತ್ತರ ಹರೆಯದಲ್ಲಿ, ಭಾಷೆ ಗೊತ್ತಿಲ್ಲದ ಬ್ರೆಜಿಲ್‌ಗೆ ಹೋಗಿ ಎರಡು ವರ್ಷ ಇದ್ದರು. ಅಲ್ಲಿ ಪರಿಚಯವಾದ ಹುಡುಗನೊಬ್ಬನ ಬಗ್ಗೆ ಬರೆದ ಮೊದಲ ಪುಸ್ತಕ ಬಂದಾಗ ಅವರಿಗೆ ಮೂವತ್ತೈದು. ಮಕ್ಕಳ ಸಾಹಿತ್ಯದ ಅತಿ ದೊಡ್ಡ ಗೌರವವಾದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ 2018ರಲ್ಲಿ ಬಂತು. ಹೊಸ ಊರಿನಲ್ಲಿ ಬಾಯಿ ಬಾರದೆ ನಿಲ್ಲುವುದು ಹೇಗಿರುತ್ತದೆಂದು ಬಲ್ಲವರು ಬರೆದ ಕಥೆ ಇದು.

ಆದರೆ ಕಾದಂಬರಿಯ ಕಿಕಿ ಇಷ್ಟು ಆಳಕ್ಕೆ ಕುಸಿಯುವುದಿಲ್ಲ. ಅಲ್ಲಿ ಸಣ್ಣ ಸಣ್ಣ ಪ್ರಸಂಗಗಳಿವೆ, ಒಳ್ಳೆಯ ಮನಸ್ಸಿನ ಹುಡುಗಿ ಒಂದೊಂದನ್ನೇ ದಾಟಿಕೊಂಡು ಹೋಗುತ್ತಾಳೆ. ಶಕ್ತಿ ಕಳೆದುಕೊಳ್ಳುವ ಭಾಗವನ್ನು ಸೇರಿಸಿದವರು ಮಿಯಾಜಾಕಿ. ಮೊದಲು ಬೇರೊಬ್ಬ ಯುವ ನಿರ್ದೇಶಕರು ಮಾಡಬೇಕಿದ್ದ ಚಿಕ್ಕ ಚಿತ್ರ ಅವರ ಕೈಗೆ ಬಂದು ಪೂರ್ಣಪ್ರಮಾಣದ ಸಿನಿಮಾ ಆಯಿತು. ಊರುಗಳಿಂದ ಟೋಕಿಯೊಗೆ ಬಂದು ತಮ್ಮ ಕೈಕಸುಬನ್ನೇ ನೆಚ್ಚಿ ಬದುಕಲು ಹೊರಟ ಹುಡುಗಿಯರು ಅವರ ಕಣ್ಣ ಮುಂದಿದ್ದರು. ಈ ಚಿತ್ರದ ಮಾಟವೆಂದರೆ ಬೇಡಿದ್ದನ್ನೆಲ್ಲ ಕೊಡುವ ಮಂತ್ರವಲ್ಲ, ಯಾವ ಹುಡುಗಿಗೂ ಇರಬಹುದಾದ ಸೀಮಿತ ಪ್ರತಿಭೆ ಎಂಬುದು ಅವರ ಎಣಿಕೆಯಾಗಿತ್ತು. ಹಾಗೆ ನೋಡಿದರೆ ಕಿಕಿಯ ಪೊರಕೆ ಇರುವ ಜಾಗದಲ್ಲಿ ಸಂಗೀತ, ಗಣಿತ, ಹೊಲಿಗೆ, ಓಟ ಏನನ್ನಾದರೂ ಇಟ್ಟು ನೋಡಬಹುದು.

ನಮ್ಮಲ್ಲಿ ಪಿಯುಸಿಗೋ ಡಿಗ್ರಿಗೋ ಬೆಂಗಳೂರಿನ ಪಿ.ಜಿ. ಸೇರುವ ಮಕ್ಕಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಶಾಲೆಯಲ್ಲಿ ಸದಾ ಮೊದಲು ಕೈಯೆತ್ತುತ್ತಿದ್ದ ಹುಡುಗಿ ಇಲ್ಲಿ ಹಿಂದಿನ ಬೆಂಚಿಗೆ ಸರಿಯುತ್ತಾಳೆ. ‘ಊಟ ಆಯ್ತಾ?’ ಎಂದು ಕೇಳುವ ಅಮ್ಮನ ಫೋನಿಗೆ ‘ಆಯ್ತಮ್ಮ’ ಎನ್ನುತ್ತಾಳೆ. ಅದಕ್ಕಿಂತ ಹೆಚ್ಚು ಏನು ಹೇಳುವುದು? ಹೇಳುವಂಥದ್ದು ಏನೂ ಆಗಿಲ್ಲವಲ್ಲ.

ಏನೂ ಆಗಿಲ್ಲದೆ ಎಲ್ಲ ಆಗುವುದನ್ನೇ ಮಿಯಾಜಾಕಿ ನಿಧಾನವಾಗಿ ತೋರಿಸುತ್ತಾರೆ. ಕಿಕಿ ನಗರಕ್ಕೆ ಬಂದು ಇಳಿದ ಕೂಡಲೇ ವಾಹನಗಳಿಗೆ ಅಡ್ಡ ಬಂದಳೆಂದು ಪೊಲೀಸ್ ಗದರುತ್ತಾನೆ. ಹೋಟೆಲಿನವರು ದೊಡ್ಡವರು ಜೊತೆಯಲ್ಲಿಲ್ಲದ ಹುಡುಗಿಗೆ ರೂಮು ಕೊಡುವುದಿಲ್ಲ. ತನ್ನದೇ ವಯಸ್ಸಿನ ಹುಡುಗಿಯರು ಬಣ್ಣಬಣ್ಣದ ಉಡುಪಿನಲ್ಲಿ ನಗುತ್ತಾ ಹೋಗುವಾಗ ಮಾಟಗಾತಿಯರು ಉಡಲೇಬೇಕಾದ ತನ್ನ ಕಪ್ಪು ಅಂಗಿಯನ್ನು ನೋಡಿಕೊಳ್ಳುತ್ತಾಳೆ. ಒಂದೊಂದೂ ಮರೆತುಬಿಡಬಹುದಾದ ಸಂಗತಿಯೇ. ಬೇಕರಿಯ ಒಸೊನೊ ಎಂಬ ಬಸುರಿ ಹೆಂಗಸು ಅವಳಿಗೆ ಇರಲು ಜಾಗ ಕೊಡುತ್ತಾಳೆ. ಕಿಕಿ ಸಾಮಾನು ತಲುಪಿಸುವ ಕೆಲಸ ಶುರುಮಾಡುತ್ತಾಳೆ.

ಆಮೇಲೆ ಬರುವ ಪೈ ಪ್ರಸಂಗ ಇಡೀ ಚಿತ್ರದಲ್ಲೇ ನನ್ನನ್ನು ಹೆಚ್ಚು ಕಾಡಿದ್ದು. ವಯಸ್ಸಾದ ಒಬ್ಬ ಹೆಂಗಸು ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೆರಿಂಗ್ ಮೀನು ಮತ್ತು ಕುಂಬಳಕಾಯಿಯ ಪೈ ಕಳಿಸಬೇಕು. ಕರೆಂಟಿನ ಓವನ್ ಕೈಕೊಟ್ಟಿದೆ. ಕಿಕಿ ಬಹುಕಾಲದಿಂದ ಬಳಸದೆ ಬಿಟ್ಟಿದ್ದ ಸೌದೆ ಒಲೆಗೆ ಬೆಂಕಿ ಹಚ್ಚಿ, ಅಜ್ಜಿಯ ಜೊತೆ ನಿಂತು ಪೈ ಬೇಯಿಸಿಕೊಡುತ್ತಾಳೆ. ಸಂಜೆ ಅವಳಿಗೊಂದು ಪಾರ್ಟಿಗೆ ಕರೆ ಬಂದಿದೆ, ಹೊತ್ತಾಗುತ್ತಿದೆ. ದಾರಿಯಲ್ಲಿ ಜೋರು ಮಳೆ. ತಾನು ನೆನೆದರೂ ಬುಟ್ಟಿ ನೆನೆಯದಂತೆ ಕಾಪಾಡಿಕೊಂಡು ಹೋಗಿ ಬಾಗಿಲು ತಟ್ಟಿದರೆ, ಅಲಂಕಾರ ಮಾಡಿಕೊಂಡ ಮೊಮ್ಮಗಳು ಮುಖ ಸಿಂಡರಿಸುತ್ತಾಳೆ. ಅಜ್ಜಿಯ ಪೈ ತನಗೆ ಇಷ್ಟವೇ ಇಲ್ಲವೆಂದು ಹೇಳಿ, ಸಹಿ ಹಾಕಿ, ಬಾಗಿಲು ಹಾಕಿಕೊಳ್ಳುತ್ತಾಳೆ. ಕಿಕಿ ಪಾರ್ಟಿಗೆ ಹೋಗುವುದಿಲ್ಲ, ಜ್ವರ ಬಂದು ಮಲಗುತ್ತಾಳೆ.

ಮೊಮ್ಮಗಳು ಕೆಟ್ಟವಳಲ್ಲ. ಅವಳ ಮನೆಯಲ್ಲಿ ಪಾರ್ಟಿ ನಡೆಯುತ್ತಿದೆ, ಇಷ್ಟವಿಲ್ಲದ ತಿಂಡಿ ಮತ್ತೆ ಬಂದಿದೆ, ಅಷ್ಟೇ. ಕಿಕಿಯೂ ತನ್ನ ಕೆಲಸವನ್ನು ಎಲ್ಲೂ ಕೆಡಿಸಿಲ್ಲ. ತಪ್ಪು ಮಾಡಿದ್ದರೆ ಮುಂದಿನ ಸಲ ತಿದ್ದಿಕೊಳ್ಳಬಹುದಿತ್ತು. ಎಲ್ಲವನ್ನೂ ಸರಿಯಾಗಿ ಮಾಡಿ, ಮೈ ಒದ್ದೆ ಮಾಡಿಕೊಂಡು ತಲುಪಿಸಿದ ವಸ್ತು ಯಾರಿಗೂ ಬೇಡವಾಗಿತ್ತು ಎಂದರೆ ತಿದ್ದಿಕೊಳ್ಳುವುದಕ್ಕೆ ಏನು ಉಳಿಯಿತು? ಆತ್ಮಶಂಕೆ ಒಳಗೆ ಬರುವುದು ಇಂಥ ಬಾಗಿಲಿನಿಂದಲೇ ಎಂದು ನಾನು ನಂಬುತ್ತೇನೆ. ಸೋತವರಿಗಿಂತ, ಚೆನ್ನಾಗಿ ಮಾಡಿಯೂ ಯಾರಿಗೂ ಬೇಡವಾದವರಲ್ಲಿ ಅದು ಹೆಚ್ಚು ಹೊತ್ತು ಕೂರುತ್ತದೆ.

ಇನ್ನೊಂದೂ ಇದೆ. ಹಾರುವುದು ಕಿಕಿಗೆ ಮೊದಲು ಖುಷಿಯ ಸಂಗತಿಯಾಗಿತ್ತು, ಈಗ ಜೀವನೋಪಾಯ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಮೊದಲೇ ಆಸೆಯಿದ್ದ ಮಕ್ಕಳನ್ನು ಆರಿಸಿ, ಒಂದು ಗುಂಪಿಗೆ ‘ಚಿತ್ರ ಬರೆದರೆ ರಿಬ್ಬನ್ ಕಟ್ಟಿದ ಸರ್ಟಿಫಿಕೇಟ್ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಹೇಳದೆ ಕೊಟ್ಟರು, ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನಗಳ ನಂತರ ಮಕ್ಕಳನ್ನು ಅವರಿಷ್ಟಕ್ಕೆ ಆಡಲು ಬಿಟ್ಟಾಗ, ಬಹುಮಾನದ ಮಾತು ಕೇಳಿ ಬರೆದಿದ್ದ ಮಕ್ಕಳು ಆ ಪೆನ್ನುಗಳ ಜೊತೆ ಕಳೆದ ಸಮಯ ಉಳಿದವರದ್ದರ ಸುಮಾರು ಅರ್ಧ ಮಾತ್ರ. ಕಿಕಿಯ ವಿಷಯ ಪೂರ್ತಿ ಇದೇ ಎನ್ನಲಾರೆ. ದುಡಿಮೆ ಬೇರೆ, ಬಹುಮಾನ ಬೇರೆ. ಆದರೂ ಒಲವಿನಿಂದ ಮಾಡುತ್ತಿದ್ದದ್ದಕ್ಕೆ ಬೆಲೆ ಕಟ್ಟುವವರು ಬಂದಾಗ ಒಲವಿಗೆ ಏನಾಗುತ್ತದೆ ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ. ಹಾಡುವ ಮಗುವನ್ನು ರಿಯಾಲಿಟಿ ಶೋ ಆಡಿಷನ್ನಿಗೆ ಕರೆದೊಯ್ಯುವ ಮುಂಚೆ ತಂದೆತಾಯಿಯರು ಈ ಪ್ರಯೋಗದ ಬಗ್ಗೆ ಒಮ್ಮೆ ಯೋಚಿಸಬೇಕು.

ಹಾರಲಾಗದ ಕಿಕಿಯನ್ನು ಹುಡುಕಿಕೊಂಡು ಬರುವವಳು ಉರ್ಸುಲಾ. ಕಾಡಿನ ನಡುವೆ ಮರದ ಮನೆಯಲ್ಲಿ ಒಬ್ಬಳೇ ಇದ್ದು ಚಿತ್ರ ಬರೆಯುವ, ಇಪ್ಪತ್ತರ ಆಸುಪಾಸಿನ ಹುಡುಗಿ. ‘ಬಾ, ಒಂದು ರಾತ್ರಿ ನನ್ನ ಮನೆಯಲ್ಲಿದ್ದು ಹೋಗು’ ಎಂದು ಅವಳನ್ನು ಕರೆದೊಯ್ಯುತ್ತಾಳೆ. ಜಪಾನಿ ಆವೃತ್ತಿಯಲ್ಲಿ ಕಿಕಿಗೂ ಉರ್ಸುಲಾಳಿಗೂ ಧ್ವನಿ ಕೊಟ್ಟಿರುವವರು ಒಬ್ಬರೇ, ಮಿನಾಮಿ ತಕಯಾಮ. ಇದನ್ನು ತಿಳಿದು ನೋಡಿದರೆ ಆ ರಾತ್ರಿಯ ಮಾತುಕತೆಯ ರುಚಿಯೇ ಬೇರೆ. ಕೆಲವು ವರ್ಷ ಮುಂದೆ ನಡೆದುಹೋದ ತಾನೇ ತಿರುಗಿ ಬಂದು, ಈಗಿನ ತನ್ನ ಪಕ್ಕದಲ್ಲಿ ಮಲಗಿ ಮಾತಾಡಿದ ಹಾಗಿದೆ.

ಉರ್ಸುಲಾ ಧೈರ್ಯ ತುಂಬುವುದಿಲ್ಲ. ತನಗಾದದ್ದನ್ನು ಹೇಳುತ್ತಾಳೆ. ಚಿತ್ರ ಬರೆಯುವುದೆಂದರೆ ಅವಳಿಗೆ ಹಗಲು ರಾತ್ರಿ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಬರೆಯಲಾಗದೆ ಹೋಯಿತು. ಬರೆದದ್ದು ಯಾವುದೂ ಹಿಡಿಸಲಿಲ್ಲ. ತಾನು ಅದುವರೆಗೆ ಮಾಡುತ್ತಿದ್ದದ್ದು ಎಲ್ಲೋ ನೋಡಿದ ಚಿತ್ರಗಳ ನಕಲು ಎಂದು ತಿಳಿಯಿತು, ತನ್ನದೇ ಚಿತ್ರ ಬರೆಯಬೇಕು ಎನ್ನಿಸಿತು. ಹಾಗಾದಾಗ ಏನು ಮಾಡುವುದೆಂದು ಕಿಕಿ ಕೇಳುತ್ತಾಳೆ. ಉರ್ಸುಲಾಳ ಸಲಹೆ ಎರಡು ಹಂತದ್ದು. ಮೊದಲು ಬಿಡದೆ ಬರೆಯುತ್ತಲೇ ಇರುವುದು. ಆಗಲೂ ಬಾರದಿದ್ದರೆ ನಿಲ್ಲಿಸಿಬಿಡುವುದು. ತಿರುಗಾಡುವುದು, ಬಯಲು ನೋಡುವುದು, ಮಧ್ಯಾಹ್ನ ನಿದ್ದೆ ಮಾಡುವುದು, ಏನೂ ಮಾಡದಿರುವುದು.

ಎರಡನೆಯ ಹಂತವನ್ನು ಮಕ್ಕಳಿಗೆ ಹೇಳುವ ಎದೆ ನಮಗಿಲ್ಲ. ಅಂಕ ಇಳಿದರೆ ಇನ್ನೊಂದು ಟ್ಯೂಷನ್, ಇನ್ನೊಂದು ಗಂಟೆ. ಸುಮ್ಮನಿರುವುದನ್ನು ನಾವು ಸೋಮಾರಿತನದ ಲೆಕ್ಕಕ್ಕೆ ಬರೆಯುತ್ತೇವೆ. ಹೊಲವನ್ನು ಒಂದು ಹಂಗಾಮು ಬೀಳುಬಿಡುವ ರೈತನನ್ನು ಯಾರೂ ಸೋಮಾರಿ ಎನ್ನುವುದಿಲ್ಲ.

ಉರ್ಸುಲಾಳ ಮನೆಯಲ್ಲಿ ಒಂದು ದೊಡ್ಡ ಚಿತ್ರವಿದೆ: ಚಂದ್ರ ನಕ್ಷತ್ರಗಳ ಆಕಾಶದಲ್ಲಿ ರೆಕ್ಕೆಯ ಕುದುರೆ, ಅದರ ಮೇಲೊಬ್ಬ ಹುಡುಗಿ. ಹುಡುಗಿಯ ಮುಖ ಬಹಳ ದಿನದಿಂದ ಮೂಡದೆ ಕೂತಿತ್ತು, ಕಿಕಿಯನ್ನು ಎದುರಿಗೆ ಕೂರಿಸಿಕೊಂಡ ಮೇಲೆ ಅದು ಸಿಗುತ್ತದೆ. ಕೈಸೋತು ಕೂತ ಹುಡುಗಿಯ ಮುಖವೇ ಆ ಚಿತ್ರಕ್ಕೆ ಬೇಕಾಗಿತ್ತು. ಈ ಕುದುರೆಯ ಚಿತ್ರವನ್ನು ಸಿನಿಮಾ ತಯಾರಿಸಿದ ಘಿಬ್ಲಿ ಸ್ಟುಡಿಯೊದವರು ಶೂನ್ಯದಿಂದ ಸೃಷ್ಟಿಸಲಿಲ್ಲ. ಉತ್ತರ ಜಪಾನಿನ ಹಚಿನೊಹೆಯ ಒಂದು ಶಾಲೆಯ ಮಕ್ಕಳು ಸೇರಿ ಕೆತ್ತಿದ ಮರದಚ್ಚಿನ ಚಿತ್ರ ಇದಕ್ಕೆ ಆಧಾರ. ನಕಲಿನ ಬಗ್ಗೆ ಅಷ್ಟು ನೊಂದುಕೊಂಡವಳ ಗೋಡೆಯ ಮೇಲೆ ಇನ್ಯಾರದೋ ಮಕ್ಕಳ ಕನಸು ಇರುವುದರಲ್ಲಿ ನನಗೆ ವಿರೋಧ ಕಾಣುವುದಿಲ್ಲ. ಬೇರೆಯವರಿಂದ ಪಡೆದದ್ದರ ಮೇಲೆ ತನ್ನ ದಿನಗಳನ್ನು ಸುರಿದಾಗ ಅದು ತನ್ನದಾಗುತ್ತದೆ. 2025ರ ಮಾರ್ಚ್‌ನಲ್ಲಿ ನಮ್ಮ ಮದುವೆ ಫೋಟೊ, ಮಕ್ಕಳ ಫೋಟೊಗಳೆಲ್ಲ ಕೃತಕ ಬುದ್ಧಿಮತ್ತೆಯಿಂದ ನಿಮಿಷಗಳಲ್ಲಿ ‘ಘಿಬ್ಲಿ ಶೈಲಿ’ಗೆ ತಿರುಗಿದವು. ಆ ಶೈಲಿಯನ್ನು ಕೈಯಲ್ಲಿ ಬರೆದು ಕಟ್ಟಿದ ಸ್ಟುಡಿಯೊ, ಚಿತ್ರ ಬರೆಯಲಾಗದ ದಿನಗಳ ಬಗ್ಗೆಯೇ ಒಂದು ಸಿನಿಮಾ ಮಾಡಿತ್ತು. ಆ ಫೋಟೊಗಳನ್ನು ಹಂಚಿಕೊಂಡವರೆಲ್ಲ ಇದನ್ನೊಮ್ಮೆ ನೋಡಲಿ ಎಂದು ನನ್ನ ಆಸೆ.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ, ‘ಇದು ನನ್ನಿಂದಾಗುತ್ತದೆ’ ಎಂಬ ಭಾವ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡು ನಾಲ್ಕು ಮೂಲಗಳನ್ನು ಗುರುತಿಸಿದರು. ಸ್ವತಃ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಬಲವಾದದ್ದು. ತನ್ನಂಥವರು ಮಾಡಿದ್ದನ್ನು ಕಾಣುವುದು, ಇತರರ ಪ್ರೋತ್ಸಾಹದ ಮಾತು, ಮೈ ಮನಸ್ಸಿನ ಆ ಹೊತ್ತಿನ ಸ್ಥಿತಿ ಉಳಿದ ಮೂರು. ಬರೀ ಮಾತಿನಿಂದ ಬಂದ ನಂಬಿಕೆ ಮೊದಲ ಪೆಟ್ಟಿಗೇ ಕುಸಿಯಬಹುದು ಎಂಬ ಎಚ್ಚರವನ್ನೂ ಅವರು ಕೊಟ್ಟಿದ್ದರು. ಕಿಕಿಯ ಸುತ್ತ ಇರುವ ಹೆಂಗಸರು ಏನು ಮಾಡುತ್ತಾರೆಂದು ಈಗ ನೋಡಿ. ಜ್ವರ ಬಂದಾಗ ಒಸೊನೊ ಬಿಸಿ ಗಂಜಿ ತಂದುಕೊಡುತ್ತಾಳೆ. ಉರ್ಸುಲಾ ತಾನು ಬಿದ್ದು ಎದ್ದದ್ದನ್ನು ತೋರಿಸುತ್ತಾಳೆ. ಪೈ ಮಾಡಿದ್ದ ಅಜ್ಜಿ ಕಿಕಿಯನ್ನು ಮತ್ತೆ ಕೆಲಸಕ್ಕೆಂದು ಕರೆಸಿಕೊಂಡು ಕೇಕ್ ಡಬ್ಬಿ ತೆರೆಸುತ್ತಾಳೆ. ಅದರ ಮೇಲೆ ಕಿಕಿಯದೇ ಹೆಸರು. ಯಾರಿಗೋ ತಲುಪಿಸಬೇಕಾದದ್ದು ಎಂದುಕೊಂಡಿದ್ದ ಡಬ್ಬಿ ತನಗಾಗಿಯೇ ಬಂದದ್ದು ಎಂದು ತಿಳಿದಾಗ ಆ ಹುಡುಗಿಯ ಕಣ್ಣು ತುಂಬುತ್ತದೆ. ಮೊಮ್ಮಗಳ ಬಾಗಿಲಲ್ಲಿ ಮುಚ್ಚಿಹೋದದ್ದು ಈ ಅಜ್ಜಿಯ ಮನೆಯಲ್ಲಿ ತೆರೆಯುತ್ತದೆ. ಗಮನಿಸಬೇಕು: ಆ ಹೊತ್ತಿಗೆ ಕಿಕಿ ಇನ್ನೂ ಹಾರಲಾರಳು.

ಹಾರುವವರು ಹಾರಲಾಗದೆ ನಿಲ್ಲುವುದನ್ನು ಅದೇ ಟೋಕಿಯೊದಲ್ಲಿ ಜಗತ್ತು ಕಣ್ಣಾರೆ ಕಂಡಿತು. ಕೋವಿಡ್‌ನಿಂದ ಮುಂದಕ್ಕೆ ಹೋಗಿ 2021ರಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ, ಜಿಮ್ನಾಸ್ಟಿಕ್ಸ್‌ನ ದೊರೆಸಾನಿ ಎನ್ನಿಸಿಕೊಂಡಿದ್ದ ಸಿಮೋನ್ ಬೈಲ್ಸ್ ತಂಡ ಫೈನಲ್‌ನ ವಾಲ್ಟ್‌ನಲ್ಲಿ ಎರಡೂವರೆ ಸುತ್ತು ತಿರುಗಬೇಕಿದ್ದವರು ಒಂದೂವರೆ ಸುತ್ತಿಗೇ ನೆಲಕ್ಕಿಳಿದರು. ಗಾಳಿಯಲ್ಲಿ ತಾನೆಲ್ಲಿದ್ದೇನೆಂಬ ಅರಿವೇ ತಪ್ಪಿಹೋಗುವ ಈ ಸ್ಥಿತಿಗೆ ಜಿಮ್ನಾಸ್ಟರು ‘ಟ್ವಿಸ್ಟೀಸ್’ ಎನ್ನುತ್ತಾರೆ. ಅವರು ಸ್ಪರ್ಧೆಯಿಂದ ಹಿಂದೆ ಸರಿದರು. ಬಹಳ ಜನ ಬೈದರು. ಕೊನೆಯಲ್ಲಿ ಬ್ಯಾಲೆನ್ಸ್ ಬೀಮ್‌ಗೆ ಮಾತ್ರ ಮರಳಿ, ಮೈ ತಿರುಚುವ ಇಳಿತವನ್ನು ಬಿಟ್ಟು ಬೇರೆ ಇಳಿತ ಆರಿಸಿಕೊಂಡು ಕಂಚು ಪಡೆದರು. ಎರಡು ವರ್ಷ ಅಂಗಳದಿಂದ ದೂರ ಉಳಿದರು. 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ. ಪ್ಯಾರಿಸ್‌ನ ಚಿನ್ನಕ್ಕಿಂತ ಟೋಕಿಯೊದ ಆ ಕಂಚು ನನಗೆ ದೊಡ್ಡದು. ಬರುವಷ್ಟನ್ನೇ ಇಟ್ಟುಕೊಂಡು, ಬಾರದ್ದನ್ನು ಬಾರದೆಂದು ಒಪ್ಪಿಕೊಂಡು ಆಡಿದ ಆಟ ಅದು.

ಕಿಕಿಯೂ ಹಾಗೆಯೇ ಮರಳುತ್ತಾಳೆ. ಬಿರುಗಾಳಿಗೆ ಸಿಕ್ಕಿದ ದೊಡ್ಡ ವಾಯುನೌಕೆಯ ಹಗ್ಗಕ್ಕೆ ಅವಳ ಗೆಳೆಯ ಟೊಂಬೊ ಜೋತುಬಿದ್ದಿದ್ದಾನೆ. ಟಿ.ವಿ.ಯಲ್ಲಿ ಕಂಡು ಓಡುತ್ತಾಳೆ. ಪೊರಕೆಯಿಲ್ಲ. ಬೀದಿ ಗುಡಿಸುತ್ತಿದ್ದ ಮುದುಕನ ಕೈಯಿಂದ ನೆಲ ಉಜ್ಜುವ ಬ್ರಷ್ ಕೇಳಿ ಪಡೆಯುತ್ತಾಳೆ. ಅದು ಅವಳ ಮಾತು ಕೇಳುವುದಿಲ್ಲ. ಗೋಡೆಗೆ ಬಡಿಯುತ್ತಾ, ಕೆಳಗೆ ಕುಸಿಯುತ್ತಾ, ಬ್ರಷ್ಷನ್ನೇ ಬೈಯುತ್ತಾ ಹೋಗುತ್ತಾಳೆ. ಚಿತ್ರದ ಮೊದಲಲ್ಲಿ ಕಂಡ ಅವಳ ಸಲೀಸಾದ ಹಾರಾಟದ ಒಂದು ಚೂರೂ ಇಲ್ಲಿಲ್ಲ. ಕೈಜಾರಿದ ಹುಡುಗನನ್ನು ಹಿಡಿದುಕೊಳ್ಳುವಷ್ಟು ಮಾತ್ರ ಹಾರುತ್ತಾಳೆ, ಅಷ್ಟು ಸಾಕಾಗುತ್ತದೆ. ತಾನು ಹಾರಬಲ್ಲೆನೋ ಇಲ್ಲವೋ ಎಂದು ಆ ಹೊತ್ತಿನಲ್ಲಿ ಕಿಕಿ ಕೇಳಿಕೊಂಡಂತೆ ಕಾಣುವುದಿಲ್ಲ. ಅವಳ ಕಣ್ಣೆಲ್ಲ ಹಗ್ಗದ ತುದಿಯ ಮೇಲಿದೆ. ಕೆಳಗೆ ಆ ಮುದುಕ ‘ಅದು ನನ್ನ ಬ್ರಷ್’ ಎಂದು ಹೆಮ್ಮೆಪಡುವುದು ನನಗೆ ಬಹಳ ಹಿಡಿಸಿದ ವಿವರ. ಅವಳು ಹಾರಿದ್ದು ಸಾಲ ತಂದ ಸಾಧನದ ಮೇಲೆ.

ಈ ಕೊನೆಯ ರೋಚಕತೆಯನ್ನೇ ಮದ್ದು ಎಂದು ತಿಳಿಯುವುದು ಸರಿಯಲ್ಲ. ನಮ್ಮ ಬದುಕಿನಲ್ಲಿ ಸಮಯಕ್ಕೆ ಸರಿಯಾಗಿ ವಾಯುನೌಕೆ ತೇಲಿ ಬರುವುದಿಲ್ಲ. ಗಂಜಿ, ಒಂದು ರಾತ್ರಿಯ ಮಾತು, ಕೇಕ್ ಡಬ್ಬಿ ಇವು ಬರಬಹುದು, ಅಥವಾ ನಾವೇ ಇನ್ನೊಬ್ಬರಿಗೆ ಒಯ್ದು ಕೊಡಬಹುದು. ಹಾಗೆಯೇ, ವಾರಗಟ್ಟಲೆ ನಿದ್ದೆ ಊಟ ಬಿಟ್ಟು ಕೂತ ಮಗುವಿಗೆ ಸಿನಿಮಾ ತೋರಿಸಿ ಸುಮ್ಮನಾಗಬಾರದು, ಅದಕ್ಕೆ ವೈದ್ಯರಿದ್ದಾರೆ.

ಚಿತ್ರ ಮುಗಿಯುವಾಗ ಕಿಕಿ ಅಪ್ಪ ಅಮ್ಮನಿಗೆ ಕಾಗದ ಬರೆಯುತ್ತಾಳೆ. ಮನಸ್ಸು ಕುಗ್ಗುವ ದಿನಗಳು ಈಗಲೂ ಇವೆ, ಆದರೂ ಈ ಊರು ನನಗೆ ಇಷ್ಟ ಎಂಬುದು ಅದರ ಸಾರ. ಶಂಕೆ ಹೋಯಿತೆಂದು ಅವಳು ಬರೆಯುವುದಿಲ್ಲ. ಜೀಜಿ ಕೂಡ ತಿರುಗಿ ಮಾತಾಡುವುದಿಲ್ಲ. ಅವಳ ಹೆಗಲೇರಿ ‘ಮಿಯಾಂವ್’ ಎನ್ನುತ್ತದೆ, ಅವಳು ಅದನ್ನು ಅಪ್ಪಿಕೊಳ್ಳುತ್ತಾಳೆ. ಹಾರಾಟ ಮರಳಿತು, ಬೆಕ್ಕಿನ ಮಾತು ಮರಳಲಿಲ್ಲ. ಅವಳು ಬೆಳೆದಳು, ಅದಕ್ಕೇ ಆ ಮಾತು ಇನ್ನು ಬೇಕಿಲ್ಲ ಎಂದು ಹೇಳುವವರಿದ್ದಾರೆ. ನನಗೆ ಅಷ್ಟು ಸುಲಭವಾಗಿ ಸಮಾಧಾನವಾಗುವುದಿಲ್ಲ. ಆ ಕುಸಿತದಲ್ಲಿ ಏನೋ ಒಂದು ಕಳೆದೇಹೋಯಿತು, ಅದಿಲ್ಲದೆಯೂ ಅವಳು ಸಂತೋಷವಾಗಿದ್ದಾಳೆ ಎಂದು ಓದಿಕೊಳ್ಳುತ್ತೇನೆ. 1998ರಲ್ಲಿ ಡಿಸ್ನಿ ತಂದ ಇಂಗ್ಲಿಷ್ ಆವೃತ್ತಿಯಲ್ಲಿ ಜೀಜಿಯ ಬಾಯಿಗೆ ಕೊನೆಯಲ್ಲಿ ಮಾತು ಹಾಕಿದ್ದರು, ಎಲ್ಲವೂ ಮೊದಲಿನಂತೆ ಆಯಿತು ಎನ್ನಿಸುವ ಹಾಗೆ. ಮಿಯಾಜಾಕಿಯ ಚಿತ್ರ ಹಾಗೆ ಹೇಳುವುದಿಲ್ಲ. ಘಿಬ್ಲಿ ಚಿತ್ರಗಳು 2020ರಿಂದ ನಮ್ಮಲ್ಲೂ ನೆಟ್‌ಫ್ಲಿಕ್ಸ್‌ಗೆ ಬಂದಿವೆ. ಮಕ್ಕಳ ಜೊತೆ ಕೂತು ನೋಡುವವರು ದಯವಿಟ್ಟು ಜಪಾನಿ ಧ್ವನಿಯನ್ನೇ ಆರಿಸಿಕೊಳ್ಳಿ. ಸಬ್‌ಟೈಟಲ್ ಓದಲಾಗದ ಚಿಕ್ಕವರಿಗೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದರಾಯಿತು.